ಎರಡು ಕೊಲೆ ಕಳೆದುಹೋದ ಒಂದು ಪ್ರೇಮಕಥೆ

ಮದುವೆಯಾದ ಹೊಸತು. ರಾತ್ರಿ ಹೆಂಡತಿ ಹೊಸ ನೈಟ್‌ಗೌನ್ ಹಾಕಿಕೊಂಡು ಬಂದಿದ್ದಾಳೆ. ಹಳೇ ಗ್ರೀಕ್ ಶಿಲ್ಪಗಳಲ್ಲಿ ಇರುತ್ತಲ್ಲ, ಒಂದು ಭುಜ ಬಿಟ್ಟು ಇನ್ನೊಂದು ಭುಜದ ಮೇಲೆ ಇಳಿಬಿಡೋದು, ಆ ಥರದ್ದು. ಆದರೆ ಪಾಪ, ತೋಳು ತೂರಿಸಬೇಕಾದ ತೂತಿನಲ್ಲಿ ತಲೆ ತೂರಿಸಿಬಿಟ್ಟಿದ್ದಾಳೆ. ಗಂಡ ಅದನ್ನು ನೋಡಿ, ನಿಟ್ಟುಸಿರು ಬಿಟ್ಟು, ಸರಿಮಾಡೋಕೆ ಶುರುಮಾಡ್ತಾನೆ. ಕೈ ಎಲ್ಲಿದೆ, ತಲೆ ಎಲ್ಲಿದೆ ಅಂತ ಹುಡುಕ್ತಾ, ಎಳೀತಾ, ತಿರುಗಿಸ್ತಾ ನಿಮಿಷಗಟ್ಟಲೆ ಒದ್ದಾಡ್ತಾನೆ. ಅವಳು ಮಾತ್ರ ಅವನು ಹೇಳಿದ ಹಾಗೆ ಕೇಳ್ತಾ, ನಾಚಿಕೊಳ್ತಾ, ಎಲ್ಲಾದಕ್ಕೂ ಕ್ಷಮೆ ಕೇಳೋ ಮುಖ ಮಾಡ್ಕೊಂಡು ಒಳಗಡೆ ಸಿಕ್ಕಿಹಾಕಿಕೊಂಡೇ ಇದ್ದಾಳೆ.

ಈ ದೃಶ್ಯ ನೋಡಿ ನಾನು ಕುರ್ಚಿಯಿಂದ ಬೀಳೋದೊಂದು ಬಾಕಿ. ಆದರೆ ನಗುವಾಗ ಒಂದು ವಿಷಯ ನೆನಪಿರುತ್ತೆ, ಮರೆಯೋಕೆ ಸಿನೆಮಾ ಬಿಡೋದಿಲ್ಲ. ಇಷ್ಟು ತಾಳ್ಮೆಯಿಂದ ಹೆಂಡತಿಯ ಬಟ್ಟೆ ಸರಿಮಾಡ್ತಿರೋ ಈ ಮನುಷ್ಯ ಅವಳನ್ನು ಮದುವೆಯಾಗಿರೋದೇ ಕೊಲ್ಲೋದಕ್ಕೆ.

ಸಿನೆಮಾದ ಹೆಸರು 'ಎ ನ್ಯೂ ಲೀಫ್'. 1971ರದು. ಗೌನಿನೊಳಗೆ ಸಿಕ್ಕಿಕೊಂಡಿರೋ ಹೆಂಡತಿ ಎಲೇನ್ ಮೇಯ್. ಸಿನೆಮಾ ಬರೆದವರೂ ಅವರೇ, ನಿರ್ದೇಶಿಸಿದವರೂ ಅವರೇ. ಅದು ಆಕೆಯ ಮೊದಲ ನಿರ್ದೇಶನ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋ ಒಂದರಲ್ಲಿ ಒಬ್ಬ ಹೆಂಗಸು ತಾನೇ ಬರೆದು, ತಾನೇ ನಟಿಸಿ, ತಾನೇ ನಿರ್ದೇಶಿಸಿದ ಮೊದಲ ಚಿತ್ರ ಅಂತ ಇದನ್ನು ಸಾಮಾನ್ಯವಾಗಿ ಲೆಕ್ಕ ಹಾಕ್ತಾರೆ. ಇಷ್ಟಾದ ಮೇಲೆ ಆಕೆ ಮಾಡಿದ ಕೆಲಸ ಏನು ಗೊತ್ತಾ? ಈ ಸಿನೆಮಾದಿಂದ ನನ್ನ ಹೆಸರು ತೆಗೀರಿ ಅಂತ ಕೋರ್ಟಿಗೆ ಹೋದರು.

ಈ ಕೊನೇ ವಿಷಯ ಓದಿದಾಗಿನಿಂದ ನನಗೆ ಈ ಕಥೆ ತಲೆಯಲ್ಲಿ ಕೊರೀತಾನೇ ಇದೆ. ಅದಕ್ಕೊಂದು ಸ್ವಂತ ಕಾರಣಾನೂ ಇದೆ, ಆಮೇಲೆ ಹೇಳ್ತೀನಿ.

ಮೊದಲು ಎಲೇನ್ ಮೇಯ್ ಯಾರು ಅಂತ. ಹುಟ್ಟಿದ್ದು 1932ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅಪ್ಪ ಯಿಡ್ಡಿಷ್ ಭಾಷೆಯ ರಂಗಭೂಮಿಯಲ್ಲಿ ನಟ, ತಂಡದ ಜೊತೆ ಊರೂರು ಸುತ್ತಿದವರು. ಮಗಳೂ ಚಿಕ್ಕಂದಿನಲ್ಲೇ ವೇದಿಕೆ ಹತ್ತಿದ್ದಳು. ನಮ್ಮ ಗುಬ್ಬಿ ಕಂಪನಿಯ ಮಕ್ಕಳ ಕಥೆ ಓದಿದವರಿಗೆ ಇದು ಹೊಸದಲ್ಲ ಬಿಡಿ. ಐವತ್ತರ ದಶಕದಲ್ಲಿ ಷಿಕಾಗೋದಲ್ಲಿ ಮೈಕ್ ನಿಕೋಲ್ಸ್ ಅನ್ನೋ ಹುಡುಗನ ಜೊತೆ ಸೇರಿದರು. ಕಂಪಾಸ್ ಪ್ಲೇಯರ್ಸ್ ಅನ್ನೋ ತಂಡ, ಬರೆದ ನಾಟಕ ಇಲ್ಲ, ಅಲ್ಲೇ ನಿಂತು ಆಶುವಾಗಿ ಕಟ್ಟೋ ಹಾಸ್ಯ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಒಬ್ಬರ ಮಾತಿಗೆ ಇನ್ನೊಬ್ಬರು ಅಲ್ಲೇ ಹುಟ್ಟಿಸಿ ಉತ್ತರ ಕೊಡ್ತಾರಲ್ಲ, ಹೆಚ್ಚು ಕಡಿಮೆ ಆ ವಿದ್ಯೆ. ಈ ಜೋಡಿ ಎಷ್ಟು ಜನಪ್ರಿಯ ಆಯಿತೆಂದರೆ 1960ರ ಅಕ್ಟೋಬರಿನಲ್ಲಿ ಬ್ರಾಡ್‌ವೇನಲ್ಲಿ ಇವರಿಬ್ಬರದ್ದೇ ಪ್ರದರ್ಶನ ಶುರುವಾಯಿತು. ಅದರ ರೆಕಾರ್ಡಿಗೆ ಗ್ರ್ಯಾಮಿ ಬಂತು. 1961ರಲ್ಲಿ ಯಶಸ್ಸಿನ ತುದಿಯಲ್ಲಿರುವಾಗಲೇ ಜೋಡಿ ಮುರಿಯಿತು.

ಮುಂದಿನದ್ದು ನೋಡಿ. ಮೈಕ್ ನಿಕೋಲ್ಸ್ ನಿರ್ದೇಶಕರಾದರು. 1966ರಲ್ಲಿ 'ಹೂ ಈಸ್ ಅಫ್ರೈಡ್ ಆಫ್ ವರ್ಜೀನಿಯಾ ವುಲ್ಫ್', 1967ರಲ್ಲಿ 'ದಿ ಗ್ರಾಜುಯೇಟ್', ಅದಕ್ಕೆ ನಿರ್ದೇಶನದ ಆಸ್ಕರ್. ಅದೇ 1967ರಲ್ಲಿ ಎಲೇನ್ ಮೇಯ್ ಎರಡು ಸಿನೆಮಾಗಳಲ್ಲಿ ನಟಿಸ್ತಾ ಇದ್ದರು. ಜೋಡಿಯಲ್ಲಿ ತಲೆ ಓಡ್ತಿದ್ದದ್ದು ಇಬ್ಬರದ್ದೂ. ಆದರೆ ಒಬ್ಬರಿಗೆ ಕ್ಯಾಮೆರಾ ಹಿಂದೆ ಕುರ್ಚಿ ಕೊಟ್ಟರು, ಇನ್ನೊಬ್ಬರಿಗೆ ಮುಂದೆ ನಿಲ್ಲೋಕೆ ಹೇಳಿದರು.

ಆಗಿನ ಹಾಲಿವುಡ್ಡಿನಲ್ಲಿ ಹೆಂಗಸರು ನಿರ್ದೇಶಕಿ ಆಗೋದು ಅಂದರೆ ಬೆರಳೆಣಿಕೆಯ ಮಾತೂ ಅಲ್ಲ, ಬೆರಳು ಮಿಕ್ಕೋ ಎಣಿಕೆ. ಮೂಕಿ ಕಾಲದಲ್ಲಿ ಸುಮಾರು ಜನ ಇದ್ದರು. ಟಾಕಿ ಬಂದು ಸ್ಟುಡಿಯೋಗಳು ಗಟ್ಟಿಯಾದ ಮೇಲೆ ಡೊರೊಥಿ ಆರ್ಜ್ನರ್ ಒಬ್ಬರೇ ಉಳಿದರು, ಅವರೂ 1943ಕ್ಕೆ ನಿಲ್ಲಿಸಿದರು. ಆಮೇಲೆ ಬಂದವರು ಐಡಾ ಲುಪಿನೋ, ಆಕೆಯೂ ನಟಿಯೇ. 1949ರಲ್ಲಿ ತನ್ನದೇ ಸಂಸ್ಥೆಯ ಸಿನೆಮಾದ ನಿರ್ದೇಶಕರಿಗೆ ಹೃದಯಾಘಾತ ಆದಾಗ ಆ ಜಾಗಕ್ಕೆ ನಿಂತು, ಪರದೆಯ ಮೇಲೆ ಹೆಸರೂ ಹಾಕಿಸಿಕೊಳ್ಳದೆ ಕೆಲಸ ಮುಗಿಸಿದವರು. ಹೀಗೆ ಶುರುವಾದ ಐಡಾ 1953ರಲ್ಲಿ 'ದಿ ಹಿಚ್-ಹೈಕರ್'ನಂಥ ಮೈ ಜುಮ್ಮೆನ್ನಿಸೋ ಚಿತ್ರ ಮಾಡಿದರು. 1966ರಲ್ಲಿ ಕೊನೆಯ ಸಿನೆಮಾ. ಅಮೆರಿಕದ ನಿರ್ದೇಶಕರ ಸಂಘದಲ್ಲಿ ಎಲೇನ್ ಮೇಯ್ ಮೂರನೇ ಹೆಂಗಸು ಅಂತಾರೆ. ಒಬ್ಬರಾದ ಮೇಲೆ ಒಬ್ಬರು, ರಿಲೇ ಓಟದ ಕೋಲು ದಾಟಿಸಿದ ಹಾಗೆ. ಇಬ್ಬರು ಒಟ್ಟಿಗೆ ಓಡಿದ್ದಿಲ್ಲ.

ಹಾಗಾದರೆ ಪ್ಯಾರಾಮೌಂಟ್ ಇವರಿಗೆ ಹೇಗೆ ಅವಕಾಶ ಕೊಟ್ಟಿತು? ದೊಡ್ಡ ಮನಸ್ಸಿನಿಂದ ಏನಲ್ಲ. ಜಾಕ್ ರಿಚಿ ಅನ್ನೋ ಪತ್ತೇದಾರಿ ಕಥೆಗಾರ ಬರೆದ 'ದಿ ಗ್ರೀನ್ ಹಾರ್ಟ್' ಅನ್ನೋ ಸಣ್ಣಕಥೆಯಿಂದ ಮೇಯ್ ಚಿತ್ರಕಥೆ ಮಾಡಿದ್ದರು. ಯಾರು ನಿರ್ದೇಶಿಸಬೇಕು ಅನ್ನೋದಕ್ಕೆ ನನ್ನ ಒಪ್ಪಿಗೆ ಬೇಕು ಅಂತ ಕೇಳಿದರೆ, ಅದಾಗಲ್ಲ, ಬೇಕಾದರೆ ನೀವೇ ನಿರ್ದೇಶಿಸಿ ಅಂದರಂತೆ. ಇದನ್ನು ಆಕೆಯೇ 2006ರಲ್ಲಿ ಮೈಕ್ ನಿಕೋಲ್ಸ್ ಜೊತೆ ಕೂತು ಮಾತಾಡಿದಾಗ ತಮಾಷೆಯಾಗಿ ಹೇಳಿಕೊಂಡರು. ಬರೆಯೋಕೆ, ನಟಿಸೋಕೆ, ನಿರ್ದೇಶಿಸೋಕೆ ಮೂವರ ಬದಲು ಒಬ್ಬರೇ ಸಿಕ್ಕರೆ ಸ್ಟುಡಿಯೋಗೆ ಅಗ್ಗ ತಾನೇ.

ಕಥೆ ಹೇಳಿಬಿಡ್ತೀನಿ. ಕೊನೆಯನ್ನೂ ಹೇಳಬೇಕಾಗುತ್ತೆ, ಯಾಕೆಂದರೆ ಜಗಳ ಇರೋದೇ ಅಲ್ಲಿ. ಸಿನೆಮಾ ನೋಡಿಲ್ಲದವರು ಮೊದಲು ನೋಡಿ ಬನ್ನಿ, ನಾನಿಲ್ಲೇ ಇರ್ತೀನಿ :)

ಹೆನ್ರಿ ಗ್ರಹಾಂ ನ್ಯೂಯಾರ್ಕಿನ ಶ್ರೀಮಂತ. ವಾಲ್ಟರ್ ಮ್ಯಾಥೋ ಮಾಡಿದ್ದಾರೆ. ಕೆಲಸ ಗೊತ್ತಿಲ್ಲ, ಬೊಗಸೆ ಗೊತ್ತಿಲ್ಲ, ಗೊತ್ತಿರೋದು ಕುದುರೆ ಸವಾರಿ, ಫೆರಾರಿ ಕಾರು, ಒಳ್ಳೇ ಸೂಟು. ಒಂದು ದಿನ ಅವನ ಲೆಕ್ಕ ನೋಡಿಕೊಳ್ಳೋ ವಕೀಲ ಹೇಳ್ತಾನೆ, ನಿಮ್ಮ ಹತ್ತಿರ ದುಡ್ಡಿಲ್ಲ ಅಂತ. ಹೆನ್ರಿಗೆ ಅರ್ಥವೇ ಆಗೋದಿಲ್ಲ. ದುಡ್ಡು ಖರ್ಚಾಗುತ್ತೆ, ಖರ್ಚಾದರೆ ಮುಗಿಯುತ್ತೆ ಅನ್ನೋ ವಿಷಯ ಅವನಿಗೆ ಅದೇ ಮೊದಲು ಗೊತ್ತಾಗ್ತಿರೋದು. ಮನೆಯ ಊಳಿಗದವನು ಹೆರಾಲ್ಡ್ ದಾರಿ ತೋರಿಸ್ತಾನೆ, ಶ್ರೀಮಂತೆಯನ್ನು ಮದುವೆಯಾಗಿ ಅಂತ. ಅಂಕಲ್ ಹತ್ತಿರ ಆರು ವಾರದ ಗಡುವಿಗೆ ಸಾಲ ಎತ್ತುತ್ತಾನೆ. ಅಷ್ಟರೊಳಗೆ ತೀರಿಸದಿದ್ದರೆ ಇದ್ದಬದ್ದದ್ದೆಲ್ಲ ಅಂಕಲ್‌ದು. ಮದುವೆ ಆಗೋದಂತೂ ಸರಿ, ಒಬ್ಬಳ ಜೊತೆ ಜೀವನ ಮಾಡೋದು ಅವನಿಂದ ಸಾಧ್ಯವಿಲ್ಲ. ಹಾಗಾಗಿ ಮದುವೆ, ಆಮೇಲೆ ಕೊಲೆ.

ಸಿಕ್ಕಿದವಳು ಹೆನ್ರಿಯೆಟಾ ಲೊವೆಲ್. ಕೋಟ್ಯಧಿಪತಿ, ಸಸ್ಯಶಾಸ್ತ್ರದ ಮೇಡಂ, ಹಿಂದೆ ಮುಂದೆ ಯಾರೂ ಇಲ್ಲದವಳು. ಕಪ್ಪು ಹಿಡಿದರೆ ಚೆಲ್ಲುತ್ತಾಳೆ, ತಿಂದರೆ ಮೈಮೇಲೆಲ್ಲ ಚೂರು, ಹಾಕಿಕೊಂಡ ಬಟ್ಟೆಯಲ್ಲಿ ಬೆಲೆಯ ಚೀಟಿ ಇನ್ನೂ ನೇತಾಡ್ತಿರುತ್ತೆ. ಅವಳ ಮನೆಯ ಕೆಲಸದವರೆಲ್ಲ ಸೇರಿ ಅವಳನ್ನು ದೋಚ್ತಿದ್ದಾರೆ, ವಕೀಲನೂ ಅದರಲ್ಲಿ ಪಾಲುದಾರ. ಅವಳಿಗೆ ಇರೋ ಒಂದೇ ಆಸೆ ಅಂದರೆ ಯಾರೂ ಗುರುತಿಸದ ಒಂದು ಹೊಸ ಜಾತಿಯ ಗಿಡ ಕಂಡುಹಿಡಿಯೋದು. ಮಧುಚಂದ್ರಕ್ಕೆ ಹೋದಾಗ ಅವಳು ಗಿಡ ಹುಡುಕುತ್ತಿದ್ದರೆ ಇವನು ವಿಷಗಳ ಬಗ್ಗೆ ಪುಸ್ತಕ ಓದ್ತಿರ್ತಾನೆ. ಗಿಡ ಸಿಗುತ್ತೆ, ಒಂದು ಜರಿಗಿಡ. ಅದಕ್ಕೆ ಗಂಡನ ಹೆಸರನ್ನೇ ಇಡ್ತಾಳೆ, ಆಲ್ಸೊಫಿಲಾ ಗ್ರಹಾಮಿ. ಅದರದ್ದೊಂದು ಎಲೆಯ ತುಣುಕನ್ನು ಅವನಿಗೆ ಕಾಣಿಕೆಯಾಗಿ ಕೊಡ್ತಾಳೆ.

ಚಿತ್ರದ ಹೆಸರಿನಲ್ಲಿರೋ ಚೇಷ್ಟೆ ಇದೇ. ಹೊಸ ಎಲೆ ಅಂದರೆ ಇಂಗ್ಲಿಷಿನಲ್ಲಿ ಹಳೇ ಚಾಳಿ ಬಿಟ್ಟು ಸುಧಾರಿಸೋದು ಅಂತಲೂ ಆಯಿತು, ಈ ಗಿಡದ ಎಲೆಯೂ ಆಯಿತು.

ಮಲೆನಾಡಿನವನಾದ್ದರಿಂದ ಇಲ್ಲೊಂದು ಸಣ್ಣ ಕೊಕ್ಕೆ. ಆಲ್ಸೊಫಿಲಾ ಅನ್ನೋದು ನಿಜವಾದ ಕುಲವೇ, ಮರದಷ್ಟೆತ್ತರ ಬೆಳೆಯೋ ಜರಿಗಿಡಗಳದ್ದು. ನಮ್ಮ ಪಶ್ಚಿಮಘಟ್ಟದ ಹಳ್ಳದ ಬದಿಯಲ್ಲೂ ಅದರ ಬಳಗ ಇದೆ, ಮೇಲೆ ಕೊಡೆ ಬಿಚ್ಚಿದ ಹಾಗೆ ಎಲೆ, ಕೆಳಗೆ ಕಪ್ಪು ಕಾಂಡ. ಅವೆಲ್ಲ ಸೆಕೆ, ತೇವದ ಊರಿನವು. ಸಿನೆಮಾದ ಕೊನೆಯಲ್ಲಿ ಮಾತ್ರ ಅದು ನ್ಯೂಯಾರ್ಕಿನ ಉತ್ತರಕ್ಕಿರೋ ಅಡಿರಾಂಡಾಕ್ ಬೆಟ್ಟದಲ್ಲಿ, ಚಳಿಗಾಲಕ್ಕೆ ಹೊಳೆಯೇ ಹೆಪ್ಪುಗಟ್ಟೋ ಜಾಗದಲ್ಲಿ ಪ್ರತ್ಯಕ್ಷ ಆಗುತ್ತೆ. ಇರಲಿ, ಪವಾಡಕ್ಕೆ ಸಸ್ಯಶಾಸ್ತ್ರ ಕೇಳಬಾರದು.

ಆ ಬೆಟ್ಟಕ್ಕೆ ಗಂಡ ಹೆಂಡತಿ ಇಬ್ಬರೇ ದೋಣಿ ಪ್ರವಾಸ ಹೋಗ್ತಾರೆ. ದೋಣಿ ಮಗುಚುತ್ತೆ. ಅವಳಿಗೆ ಈಜು ಬರೋದಿಲ್ಲ. ಅವನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ದಡಕ್ಕೆ ನಡೆದರೆ ಸಾಕು. ನಡೀತಾನೂ ಇರ್ತಾನೆ. ಆಗ ದಡದಲ್ಲಿ ತನ್ನ ಹೆಸರಿನ ಜರಿಗಿಡ ಕಾಣುತ್ತೆ. ತನ್ನನ್ನು ತಾನೇ ಬೈದುಕೊಳ್ಳುತ್ತಾ ವಾಪಸ್ಸು ನೀರಿಗೆ ಬೀಳ್ತಾನೆ.

ಇದು ನಾವೆಲ್ಲ ನೋಡೋ 102 ನಿಮಿಷದ ಸಿನೆಮಾ. ಈಗ ಮೇಯ್ ಮಾಡಿದ್ದ ಸಿನೆಮಾಕ್ಕೆ ಬರೋಣ.

1969ರಲ್ಲಿ ಶೂಟಿಂಗ್. ಆಶುನಾಟಕದಿಂದ ಬಂದವರು, ಒಂದೇ ದೃಶ್ಯವನ್ನು ಮತ್ತೆ ಮತ್ತೆ ಬೇರೆ ಥರ ಮಾಡಿಸೋ ಅಭ್ಯಾಸ. ದಿನಗಳು ಮೀರಿದವು, ಬಜೆಟ್ಟು ದುಪ್ಪಟ್ಟಿಗೂ ಹೆಚ್ಚಾಯಿತು. ಆಮೇಲೆ ಎಡಿಟಿಂಗಿಗೆ ಕೂತವರು ತಿಂಗಳುಗಟ್ಟಲೆ ಏಳಲಿಲ್ಲ. ಕೊನೆಗೆ ಬಂದದ್ದು ಸುಮಾರು ಮೂರು ಗಂಟೆಯ ಸಿನೆಮಾ. ಅದರಲ್ಲಿ ಹೆನ್ರಿ ಬರೀ ಪುಸ್ತಕ ಓದಿ ಬಿಡೋದಿಲ್ಲ. ಹೆನ್ರಿಯೆಟಾಳ ಮನೆಯ ಲೆಕ್ಕ ನೋಡುವಾಗ ಅವಳನ್ನು ಹೆದರಿಸಿ ದುಡ್ಡು ಕೀಳ್ತಿರೋರು ಇದ್ದಾರೆ ಅಂತ ಗೊತ್ತಾಗುತ್ತೆ. ಒಬ್ಬ ಆ ವಕೀಲ, ಇನ್ನೊಬ್ಬ ಬೇರೆ. ಇಬ್ಬರಿಗೂ ವಿಷ ಹಾಕಿ ಕೊಲ್ತಾನೆ. ಮುಂದಿನದ್ದು ಹೆಂಡತಿಯ ಸರದಿ ಅಂತ ಅಂದುಕೊಂಡಿರುವಾಗಲೇ ದೋಣಿ ಮಗುಚೋದು.

ಪ್ಯಾರಾಮೌಂಟಿನ ರಾಬರ್ಟ್ ಇವಾನ್ಸ್ ಇದನ್ನು ನೋಡಿ ಚಿತ್ರವನ್ನು ಆಕೆಯ ಕೈಯಿಂದ ತೆಗೆದುಕೊಂಡರು. ಎರಡೂ ಕೊಲೆ ಹೊರಗೆ, ಅದಕ್ಕೆ ಅಂಟಿಕೊಂಡಿದ್ದ ಉಪಕಥೆ ಹೊರಗೆ. ಎರಡನೇ ಸುಲಿಗೆಗಾರನಾಗಿ ನಟಿಸಿದ್ದ ವಿಲಿಯಂ ಹಿಕಿ ಇಡಿಯಾಗಿ ಹೊರಗೆ. ಉಳಿದದ್ದು ಒಂದು ಮೋಹಕ ಪ್ರಣಯ ಹಾಸ್ಯ.

ನೋಡಿ, ಇವಾನ್ಸ್ ದಡ್ಡರಲ್ಲ. 'ಲವ್ ಸ್ಟೋರಿ' ಕೊಟ್ಟವರು, ಮುಂದಿನ ವರ್ಷ 'ದಿ ಗಾಡ್‌ಫಾದರ್' ಕೊಡೋವರು. 1968ರ ತನಕ ಹಾಲಿವುಡ್ಡಿನಲ್ಲಿ ಒಂದು ನೀತಿಸಂಹಿತೆ ಇತ್ತು, ತಪ್ಪು ಮಾಡಿದವನು ತೆರೆಯ ಮೇಲೆ ಶಿಕ್ಷೆ ಅನುಭವಿಸಲೇಬೇಕು ಅಂತ. ಆ ವರ್ಷ ಅದು ಹೋಗಿ ರೇಟಿಂಗ್ ಪದ್ಧತಿ ಬಂತು. ಅಂದರೆ ಎರಡು ಕೊಲೆ ಮಾಡಿ ಸುಖವಾಗಿರೋ ನಾಯಕನಿಗೆ ಕಾಗದದ ಮೇಲೆ ಅಡ್ಡಿ ಇರಲಿಲ್ಲ. ಆದರೆ ಕಾಯಿದೆ ಹೋದ ದಿನವೇ ಭಯ ಹೋಗೋದಿಲ್ಲವಲ್ಲ. ಕತ್ತರಿಸಿದ ಸಿನೆಮಾಕ್ಕೆ ಸಿಕ್ಕ ರೇಟಿಂಗು ಜಿ, ಅಂದರೆ ಮಕ್ಕಳು ಮರಿ ಕರಕೊಂಡು ಹೋಗಬಹುದಾದದ್ದು. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿನಲ್ಲಿ ಬಿಡುಗಡೆ ಆಯಿತು, ಈಸ್ಟರ್ ಹೊತ್ತಿಗೆ ಸಂಸಾರ ಸಮೇತ ಜನ ಬರೋ ಜಾಗ.

ಅದಕ್ಕೆ ಮುಂಚೆ ಕೋರ್ಟು. ನನ್ನ ಹೆಸರು ತೆಗೀರಿ ಅಂತ ಮೇಯ್ ಹೋದರು, ಸೋತರು. ಸೋತದ್ದು ಹೇಗೆ ಅಂತ ಆಕೆ ಆಮೇಲೆ ಹೇಳಿಕೊಂಡಿದ್ದಿದೆ. ನ್ಯಾಯಾಧೀಶರು ಸಿನೆಮಾ ಹಾಕಿಸಿಕೊಂಡು ನೋಡಿದರು. ಹೊಟ್ಟೆ ತುಂಬ ನಕ್ಕರು. ಇಷ್ಟು ತಮಾಷೆಯಾಗಿದೆ, ಸ್ಟುಡಿಯೋನೇ ಗೆದ್ದಿತು ಅಂದುಬಿಟ್ಟರು.

ಈ ಒಂದು ಸಂಗತಿಯ ಮೇಲೆ ಇನ್ನೊಂದು ಸಿನೆಮಾ ಮಾಡಬಹುದು. ಆಕೆಯ ಹಾಸ್ಯವೇ ಆಕೆಯ ವಿರುದ್ಧ ಸಾಕ್ಷಿ ಹೇಳಿತು. ಕೆಟ್ಟದಾಗಿ ಮಾಡಿದ್ದರೆ ಗೆಲ್ಲುತ್ತಿದ್ದರೋ ಏನೋ.

ವಿಮರ್ಶಕರೂ ಹೊಗಳಿದರು. ರೋಜರ್ ಎಬರ್ಟ್ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು. ಅದೇ ವಿಮರ್ಶೆಯಲ್ಲಿ, ಮೇಯ್‌ಗೆ ಈ ರೂಪ ಇಷ್ಟವಿಲ್ಲವಂತೆ, ಅವರದ್ದರಲ್ಲಿ ಎರಡು ಕೊಲೆ ಇತ್ತಂತೆ ಅನ್ನೋದನ್ನೂ ಬರೆದರು. ನಾಯಕ ಮ್ಯಾಥೋಗೆ ಮಾತ್ರ ಕತ್ತರಿಸಿದ್ದೇ ಹೆಚ್ಚು ಇಷ್ಟವಾಯಿತಂತೆ. ಗೋಲ್ಡನ್ ಗ್ಲೋಬಿಗೆ ಹಾಸ್ಯಚಿತ್ರದ ವಿಭಾಗದಲ್ಲಿ ಚಿತ್ರಕ್ಕೂ ಮೇಯ್ ನಟನೆಗೂ ನಾಮನಿರ್ದೇಶನ ಬಂತು. ನಿರ್ದೇಶನಕ್ಕೆ ಬರಲಿಲ್ಲ. ಬಂದಿದ್ದರೆ ಇನ್ನೂ ಇಕ್ಕಟ್ಟಾಗುತ್ತಿತ್ತು ಬಿಡಿ.

ಈಗ ನನ್ನ ಕಥೆ. ಡಿಗ್ರಿ ಓದುವಾಗ ಒಂದು ವಾರಪತ್ರಿಕೆಗೆ ಸಣ್ಣಕಥೆ ಕಳಿಸಿದ್ದೆ. ಮನೆ ಬಿಟ್ಟು ಹೋದ ತಮ್ಮ ವರ್ಷಗಳ ನಂತರ ಊರಿಗೆ ಬರ್ತಾನೆ, ಅಣ್ಣ ಬಾಗಿಲು ತೆಗೀತಾನೆ. ನಾನು ಬರೆದದ್ದರಲ್ಲಿ ಅದಾದ ಮೇಲೆ ಇನ್ನೂ ಒಂದು ಪುಟ ಇತ್ತು. ಅಣ್ಣ ತಮ್ಮನಿಗೆ ಊಟ ಹಾಕಿ, ಬೆಳಿಗ್ಗೆ ಜಾಗದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಸ್ಸು ಹತ್ತಿಸ್ತಾನೆ. ಅಚ್ಚಾಗಿ ಬಂದಾಗ ಬಾಗಿಲು ತೆರೆಯೋದರಲ್ಲೇ ಕಥೆ ಮುಗಿದಿತ್ತು. ಕೆಳಗೆ ನನ್ನ ಹೆಸರು. ಊರಿನವರೆಲ್ಲ ಮೆಚ್ಚಿಕೊಂಡರು. ಅಣ್ಣತಮ್ಮಂದಿರು ಅಂದರೆ ಹೀಗಿರಬೇಕು ಕಣೋ, ಕಣ್ಣಲ್ಲಿ ನೀರು ಬಂತು ಅಂದರು ನಮ್ಮ ದೊಡ್ಡಪ್ಪ. ಆ ಕಥೆ ಹುಟ್ಟಿದ್ದೇ ದೊಡ್ಡಪ್ಪ ಅಪ್ಪನಿಂದ ಸಹಿ ಹಾಕಿಸಿಕೊಂಡದ್ದರಿಂದ. ಅಪ್ಪ ಮಾತ್ರ ಏನೂ ಹೇಳಲಿಲ್ಲ. ಆ ಪುಟ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಟ್ಟರು.

ಹೊಗಳಿಕೆ ಕೇಳಿಸಿಕೊಂಡು ನಗ್ತಾ ನಿಂತಿದ್ದೆನಲ್ಲ, ಆ ಮುಜುಗರ ಇವತ್ತಿಗೂ ಹೋಗಿಲ್ಲ. ಅದಕ್ಕೇ ಮೇಯ್ ಕೋರ್ಟಿಗೆ ಹೋದದ್ದು ಅಹಂಕಾರ, ನಖರಾ ಅಂತ ಯಾರಾದರೂ ಬರೆದದ್ದು ಓದಿದರೆ ನನಗೆ ಸಿಟ್ಟು ಬರುತ್ತೆ. ಸಿನೆಮಾ ಚೆನ್ನಾಗಿತ್ತೋ ಇಲ್ಲವೋ ಅನ್ನೋದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಆಕೆ ಹೇಳಿದ ಮಾತು ಬೇರೆ, ಆಕೆಯ ಬಾಯಲ್ಲಿ ಬಂದ ಮಾತು ಬೇರೆ.

ಎರಡರ ಅರ್ಥ ಎಷ್ಟು ಬದಲಾಗುತ್ತೆ ಯೋಚಿಸಿ. ಈಗಿರೋ ಸಿನೆಮಾದಲ್ಲಿ ಹೆನ್ರಿ ಬಾಯಲ್ಲಿ ಕೊಲೆಗಾರ, ಕೈಯಲ್ಲಿ ಅಲ್ಲ. ಅವನು ಅವಳನ್ನು ಎತ್ತಿಕೊಂಡು ಬಂದಾಗ, ಹೌದಪ್ಪ, ಇವನು ಮೊದಲಿಂದಲೂ ಒಳ್ಳೆಯವನೇ, ಗೊತ್ತಾಗಿರಲಿಲ್ಲ ಅಷ್ಟೆ ಅನ್ನಿಸುತ್ತೆ. ಪ್ರೀತಿ ಗೆಲ್ಲುತ್ತೆ, ನಾವು ಎದ್ದು ಮನೆಗೆ ಹೋಗ್ತೀವಿ. ಮೇಯ್ ಸಿನೆಮಾದಲ್ಲಿ ಅವನ ಕೈಗೆ ಎರಡು ಹೆಣದ ಲೆಕ್ಕ ಅಂಟಿದೆ. ಅವನು ಸುಧಾರಿಸಿದನೋ ಇಲ್ಲವೋ, ಅವಳಿಗಂತೂ ಗೊತ್ತಿಲ್ಲ. ದೋಣಿ ಪ್ರವಾಸದಲ್ಲಿ ಅವಳು ಹೇಳ್ತಾಳೆ, ನೀವೂ ನಮ್ಮ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಬಹುದು, ಸಂಜೆ ಇಬ್ಬರೂ ಒಟ್ಟಿಗೆ ಕೂತು ಉತ್ತರಪತ್ರಿಕೆ ತಿದ್ದಬಹುದು ಅಂತ. ಈಗಿನ ಸಿನೆಮಾದಲ್ಲಿ ಅದು ಮುದ್ದಾದ ತಮಾಷೆ. ಕೊಲೆಗಳಿದ್ದ ಸಿನೆಮಾದಲ್ಲಿ ಅದೇ ಅವನಿಗೆ ಸಿಕ್ಕ ಶಿಕ್ಷೆ, ಜೀವಾವಧಿ! ಪೊಲೀಸರಿಲ್ಲ, ಕೋರ್ಟಿಲ್ಲ, ಸಾಯೋವರೆಗೆ ಉತ್ತರಪತ್ರಿಕೆ. ನನಗೆ ಈ ಎರಡನೆಯದು ಹೆಚ್ಚು ನಗು ತರಿಸುತ್ತೆ, ಹೆಚ್ಚು ಭಯವನ್ನೂ.

ಆದರೆ ಇದು ನನ್ನ ಊಹೆಯ ಸಿನೆಮಾ. ಆ ಮೂರು ಗಂಟೆಯ ಪ್ರತಿ ಈಗ ಇಲ್ಲ, ಕಳೆದುಹೋಗಿದೆ. ನಾನು ನೋಡಿಲ್ಲದ ಸಿನೆಮಾವನ್ನು ನೋಡಿದ ಸಿನೆಮಾಕ್ಕಿಂತ ಚೆನ್ನ ಅನ್ನೋದು ಎಷ್ಟು ಸುಲಭ ಅಲ್ವಾ! ಬಹುಶಃ ಮೂರು ಗಂಟೆ ಎಳೆದಾಡಿತ್ತೇನೋ. ಬಹುಶಃ ಇವಾನ್ಸ್ ಹೇಳಿದ್ದೇ ಸರಿ ಇತ್ತೇನೋ. 1976ರಲ್ಲಿ ಬಂದ 'ಮೈಕಿ ಅಂಡ್ ನಿಕಿ'ಗೆ ಇದೇ ಮೇಯ್ 14 ಲಕ್ಷ ಅಡಿ ಫಿಲ್ಮ್ ಓಡಿಸಿದರು. ಪ್ಯಾರಾಮೌಂಟ್ ಜೊತೆ ಮತ್ತೆ ಕೋರ್ಟು. ಈ ಸಲ ಬುದ್ಧಿ ಕಲಿತಿದ್ದರು, ಒಂದೆರಡು ರೀಲುಗಳನ್ನು ಬಚ್ಚಿಟ್ಟೇ ಬಿಟ್ಟರು. ಇಂಥವರ ಜೊತೆ ದುಡ್ಡು ಹಾಕಿ ಕೆಲಸ ಮಾಡೋದು ಯಾರಿಗೂ ಸುಲಭ ಆಗಿರಲಿಕ್ಕಿಲ್ಲ, ಒಪ್ಪೋಣ.

ಒಪ್ಪಲಾಗದ್ದು ಇನ್ನೊಂದಿದೆ. 1972ರ 'ದಿ ಹಾರ್ಟ್‌ಬ್ರೇಕ್ ಕಿಡ್' ಚೆನ್ನಾಗಿ ಹೋಯಿತು. ಅದೂ ಮಧುಚಂದ್ರದಲ್ಲೇ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಹಿಂದೆ ಹೋಗೋ ಗಂಡನ ಕಥೆ, ಆ ಹೆಂಡತಿಯಾಗಿ ಮೇಯ್ ಮಗಳು ಜೀನಿ ಬರ್ಲಿನ್ ನಟಿಸಿ ಆಸ್ಕರ್ ನಾಮನಿರ್ದೇಶನ ಪಡೆದಳು. ಆಮೇಲೆ 1987ರಲ್ಲಿ 'ಇಷ್ಟಾರ್'. ಕೋಟಿಗಟ್ಟಲೆ ಡಾಲರ್ ಮುಳುಗಿತು. ಅಲ್ಲಿಗೆ ಮುಗೀತು, ಆಕೆಗೆ ಇನ್ನೊಂದು ಕಥಾಚಿತ್ರ ನಿರ್ದೇಶಿಸೋ ಅವಕಾಶ ಬರಲಿಲ್ಲ. 'ಹೆವೆನ್ಸ್ ಗೇಟ್' ಮಾಡಿ 1980ರಲ್ಲಿ ಇಡೀ ಸ್ಟುಡಿಯೋವನ್ನೇ ಅಲ್ಲಾಡಿಸಿದ ಮೈಕಲ್ ಚಿಮಿನೋಗೆ ಐದು ವರ್ಷದಲ್ಲಿ ಮತ್ತೊಂದು ಸಿನೆಮಾ ಸಿಕ್ಕಿತ್ತು. ಮೈಕ್ ನಿಕೋಲ್ಸ್ 1970ರಲ್ಲಿ ಇದೇ ಪ್ಯಾರಾಮೌಂಟಿಗೆ 'ಕ್ಯಾಚ್-22' ಅಂತ ಭಾರೀ ಖರ್ಚಿನ ಚಿತ್ರ ಮಾಡಿ ನಿರೀಕ್ಷೆ ಮುಟ್ಟಿಸದೇ ಇದ್ದಾಗಲೂ ಮರುವರ್ಷವೇ ಅವರ ಮುಂದಿನ ಸಿನೆಮಾ ಬಂತು. ನಾಲ್ಕು ಸಿನೆಮಾ ಮಾಡಿದ ಮೇಯ್ ಮತ್ತೆ ಬರವಣಿಗೆಗೆ ಹೋದರು. 1996ರ 'ದಿ ಬರ್ಡ್‌ಕೇಜ್', 1998ರ 'ಪ್ರೈಮರಿ ಕಲರ್ಸ್', ಎರಡೂ ಬರೆದದ್ದು ಮೇಯ್, ನಿರ್ದೇಶನ ನಿಕೋಲ್ಸ್.

ತಡವಾಗಿ ಮರ್ಯಾದೆಗಳು ಬಂದವು. 2019ರಲ್ಲಿ ರಂಗನಟನೆಗೆ ಟೋನಿ ಪ್ರಶಸ್ತಿ. 2022ರ ಮಾರ್ಚಿನಲ್ಲಿ ಗೌರವ ಆಸ್ಕರ್, ಆಗ ವಯಸ್ಸು 89. ಮತ್ತೆ 2019ರಲ್ಲೇ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ, ಶಾಶ್ವತವಾಗಿ ಕಾಪಾಡಬೇಕಾದ ಚಿತ್ರ ಅಂತ, 'ಎ ನ್ಯೂ ಲೀಫ್' ಸೇರಿತು. ಕಾಪಾಡ್ತಿರೋದು 102 ನಿಮಿಷದ್ದನ್ನು.

ಇದನ್ನು ಬರೆಯೋಕೆ ಮುಂಚೆ ಊರಿಗೆ ಹೋದಾಗ ಅಟ್ಟದಲ್ಲಿ ನನ್ನ ಹಳೇ ನೋಟ್‌ಬುಕ್ ಹುಡುಕಿದೆ. ಕಥೆಯ ಪೂರ್ತಿ ಪ್ರತಿ ಸಿಕ್ಕಿತು, ಕೊನೇ ಪುಟವೂ ಇತ್ತು. ಕೂತು ಓದಿದೆ. ಅಷ್ಟೇನೂ ಚೆನ್ನಾಗಿಲ್ಲ, ಸಹಿ ಹಾಕಿಸೋ ಜಾಗದಲ್ಲಿ ಅಣ್ಣನ ಬಾಯಲ್ಲಿ ಭಾಷಣ ಮಾಡಿಸಿಬಿಟ್ಟಿದ್ದೆ. ಸಂಪಾದಕರ ಜಾಗದಲ್ಲಿ ಇದ್ದಿದ್ದರೆ ನಾನೂ ಕತ್ತರಿ ತೆಗೀತಿದ್ದೆನೇನೋ. ಆದರೂ ಕೆಳಗಿಳಿದು ಬಂದು ಅದನ್ನು ಅಪ್ಪನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಬಸ್ಸು ಹತ್ತಿಸಲಿಲ್ಲ ಮಾರಾಯ, ನಾನೇ ನಡಕೊಂಡು ಹೋದೆ" ಅಂದರು.